ಹೆಸರಿನ ಮುಂದಿನ ಊರು: ಹಾಸನ ಸೀಮೆಯ ನಾಲ್ಕು ಪೇಟೆಗಳು

ನಮ್ಮ ಕಡೆ ಹೆಸರಿಗಿಂತ ಮೊದಲು ಊರು ಬರುತ್ತದೆ. ಅ.ನ. ಕೃಷ್ಣರಾಯರ 'ಅ' ಅರಕಲಗೂಡು. ಎಚ್.ವೈ. ಶಾರದಾಪ್ರಸಾದರ 'ಎಚ್' ಹೊಳೆನರಸೀಪುರ. ಎಚ್.ಡಿ. ದೇವೇಗೌಡರ 'ಎಚ್' ಅದೇ ತಾಲ್ಲೂಕಿನ ಹರದನಹಳ್ಳಿ. ಆರ್.ಕೆ. ಶ್ರೀಕಂಠನ್ ಅವರ 'ಆರ್' ರುದ್ರಪಟ್ಟಣ, ಎಸ್.ಎಲ್. ಭೈರಪ್ಪನವರ 'ಎಸ್' ಸಂತೇಶಿವರ. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗಂತೂ ಊರಿನ ಹೆಸರೇ ಹೆಸರಾಯಿತು. 'ಗೊರೂರು' ಎಂದರೆ ಸಾಕು, ಕನ್ನಡ ಓದುಗರಿಗೆ ಊರು ಯಾವುದು, ಮನುಷ್ಯ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಒಂದೊಂದು ಅಕ್ಷರವೂ ದೆಹಲಿಯ ಸಚಿವಾಲಯ, ಮದರಾಸಿನ ಸಂಗೀತ ಸಭೆ, ಪುಸ್ತಕದಂಗಡಿಯ ಕಪಾಟುಗಳವರೆಗೂ ಹೋಗಿಬಂದಿದೆ. ಹಾಗೆ ಹೊತ್ತುಕೊಂಡು ಹೋದವರಲ್ಲಿ ಹಲವರು ಆ ಊರಿನಲ್ಲಿ ಹೆಚ್ಚು ದಿನ ಇದ್ದವರಲ್ಲ, ಕೆಲವರು ಅಲ್ಲಿ ಹುಟ್ಟಿದವರೂ ಅಲ್ಲ. ಅವರು ಹೊರಟುಬಂದ ಊರುಗಳಲ್ಲಿ ಏನು ಉಳಿದಿದೆ, ಯಾವುದು ಏಕೆ ಉಳಿಯಿತು, ಯಾವುದು ಏಕೆ ಅಳಿಯಿತು ಎಂದು ನೋಡುವುದು ಈ ಲೇಖನದ ಉದ್ದೇಶ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಪೇಟೆಗಳನ್ನೂ ಅವುಗಳ ಆಸುಪಾಸಿನ ಹಳ್ಳಿಗಳನ್ನೂ ಜತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಲ್ಲು ಗಟ್ಟಿಯಾಗಿದ್ದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ. ಅದರಲ್ಲಿ ಜನಕ್ಕೆ ಕೆಲಸವಿರಬೇಕು.

ನಾಯಕರು ಕಟ್ಟಿದ ಊರುಗಳು

ನಾಲ್ಕು ಊರಿಗೂ ಮೂಲದಲ್ಲಿ ಒಂದೇ ಅಚ್ಚು: ಒಬ್ಬ ಪಾಳೆಯಗಾರ, ಒಂದು ಕೋಟೆ, ಒಂದು ದೇವಸ್ಥಾನ, ಒಂದು ಕೆರೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಸ್ಥಳೀಯರ ಬಾಯಿಂದ ಕೇಳಿ ಬರೆದಿಟ್ಟ ಕಥೆಗಳು ಇಂದಿಗೂ ಊರ ಹಿರಿಯರ ನಾಲಿಗೆಯ ಮೇಲಿವೆ. ಹಾಸನದ ಹಳೆಯ ಊರು ಪಕ್ಕದ ಚನ್ನಪಟ್ಟಣ. ಅಲ್ಲಿಗೆ ಬರುತ್ತಿದ್ದ ಸಂಜೀವ ಕೃಷ್ಣಪ್ಪ ನಾಯಕನಿಗೆ ಮೊಲವೊಂದು ಅಡ್ಡ ಬಂದಿತಂತೆ. ಅಪಶಕುನವಾಯಿತೆಂದು ಅವನು ಚಿಂತಿಸುತ್ತಿರುವಾಗ ದೇವಿ ಕಾಣಿಸಿಕೊಂಡು, ಅದೇ ಜಾಗದಲ್ಲಿ ಕೋಟೆ ಕಟ್ಟು ಎಂದಳಂತೆ. ಆ ದೇವಿಯ ಹೆಸರೇ ಊರಿಗೂ ಬಂತು ಎನ್ನುತ್ತದೆ ಐತಿಹ್ಯ.

ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ನರಸಿಂಹ ನಾಯಕನೆಂಬ ಸ್ಥಳೀಯ ನಾಯಕ ಕಟ್ಟಿದನೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಅರಕಲಗೂಡು ಅರ್ಕಪುರಿ, ಅಂದರೆ ಸೂರ್ಯನ ಊರು. ಅರ್ಕೇಶ್ವರ ಅಲ್ಲಿಯ ದೇವರು. ಈಗಿನ ಪೇಟೆಯನ್ನು 1568ರ ಸುಮಾರಿಗೆ ಐಗೂರಿನ ಕೃಷ್ಣಪ್ಪ ನಾಯಕ ಕಟ್ಟಿಸಿದ. ಚನ್ನರಾಯಪಟ್ಟಣಕ್ಕೆ ಮೊದಲು ಕೊಳತೂರು ಎಂಬ ಹೆಸರಿತ್ತು, ಇದ್ದದ್ದು ಬರಿಯ ಒಂದು ಅಗ್ರಹಾರ. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಅದನ್ನು ವಶಪಡಿಸಿಕೊಂಡ. ಚನ್ನಿಗರಾಯನಿಗೆ ಹರಕೆ ಹೊತ್ತು ಪಡೆದ ಮಗನಿಗೆ ಚನ್ನರಾಯನೆಂದು ಹೆಸರಿಟ್ಟು ಊರನ್ನು ಅವನಿಗೆ ಜಹಗೀರು ಕೊಟ್ಟ. ದೇವರಿಗೆ ಗುಡಿ ಕಟ್ಟಿಸಿದ, ಊರು ಚನ್ನರಾಯಪಟ್ಟಣವಾಯಿತು. ಅಲ್ಲಿಯ ಕೋಟೆ ಆಮೇಲಿನದು. ಹೈದರಾಲಿ ಅದರ ಸುತ್ತ ನೀರಿನ ಕಂದಕ ತೋಡಿಸಿ ಬಲಪಡಿಸಿದ.

ಈ ಕೋಟೆಗಳು ಇಂದು ಹೆಚ್ಚಾಗಿ ಬೀದಿಗಳ ಹೆಸರಾಗಿ ಉಳಿದಿವೆ. ಮರಾಠರ ದಾಳಿ ನಿಂತಿತು, ಪಾಳೆಯಪಟ್ಟುಗಳು ಮೈಸೂರಿನಲ್ಲಿ ಲೀನವಾದವು, ಕೋಟೆಗೆ ಕೆಲಸ ತಪ್ಪಿತು. ಕಲ್ಲು ಕಿತ್ತವರು ಮನೆ ಕಟ್ಟಿಕೊಂಡರು, ಕಂದಕದ ಜಾಗದಲ್ಲಿ ನಿವೇಶನಗಳೆದ್ದವು. ಅದೇ ನಾಯಕರ ಕಾಲದ ದೇವಸ್ಥಾನಗಳಲ್ಲಿ ದೀಪ ಆರಲಿಲ್ಲ, ಗೋಡೆಯೂ ಬೀಳಲಿಲ್ಲ.

ಹಾಸನ: ವರ್ಷಕ್ಕೊಮ್ಮೆ ತೆರೆಯುವ ಬಾಗಿಲು

ಹಾಸನಾಂಬೆಯ ಗುಡಿ ಈ ಮಾತಿಗೆ ವಿರುದ್ಧ ಸಾಕ್ಷಿಯೆಂದು ಯಾರಾದರೂ ಹೇಳಬಹುದು; ವರ್ಷದ ಬಹುಪಾಲು ಅದರ ಬಾಗಿಲು ಮುಚ್ಚಿಯೇ ಇರುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ, ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ, ಬಾಗಿಲು ತೆರೆಯುತ್ತದೆ. ದೀಪಾವಳಿ ಕಳೆದೊಡನೆ ಮುಚ್ಚುತ್ತದೆ. ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂ ಬಾಡಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ಒಳಗೆ ಹುತ್ತದ ರೂಪದಲ್ಲಿರುವವರು ವೈಷ್ಣವಿ, ಕೌಮಾರಿ, ಮಾಹೇಶ್ವರಿ. ಕಾಶಿಯಿಂದ ಬಂದ ಸಪ್ತಮಾತೃಕೆಯರಲ್ಲಿ ಉಳಿದವರ ಪೈಕಿ ಮೂವರು ಹಾಸನದ ದೇವಿಗೆರೆಯಲ್ಲಿ, ಬ್ರಾಹ್ಮಿ ಆಲೂರು ಕಡೆಯ ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದರು ಎನ್ನುತ್ತಾರೆ. ಆವರಣದಲ್ಲಿ ಸಿದ್ಧೇಶ್ವರನಿದ್ದಾನೆ, 101 ಲಿಂಗಗಳಿವೆ. ಬಾಗಿಲು ತೆರೆದಿರುವಷ್ಟು ದಿನವೂ ಇಡೀ ಜಿಲ್ಲಾಡಳಿತ ಆ ಬೀದಿಯಲ್ಲಿಯೇ ಇರುತ್ತದೆ. ಬಾಗಿಲು ಮುಚ್ಚಿದ್ದಾಗಲೂ ಊರಿನ ಪಂಚಾಂಗ ಆ ಗುಡಿಯನ್ನು ನೋಡಿಯೇ ತಿರುಗುತ್ತದೆ.

ಜಿಲ್ಲಾ ಕೇಂದ್ರವೆಂಬ ಪದವಿ ಹಾಸನಕ್ಕೆ ಒಮ್ಮೆ ಕೈತಪ್ಪಿತ್ತು ಎಂಬುದನ್ನು ಈಗಿನವರು ಮರೆತಿದ್ದಾರೆ. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದಾಗ ಖಜಾನೆ ಬರಿದಾಗಿತ್ತು. ಹಿಂದಿನ ಕ್ಷಾಮದ ಗಾಯ ಇನ್ನೂ ಮಾಗಿರಲಿಲ್ಲ. ವೆಚ್ಚ ಇಳಿಸುವ ಸಲುವಾಗಿ 1882ರಲ್ಲಿ ಹಾಸನ ಜಿಲ್ಲೆಯನ್ನು ಕಡೂರಿನ ಕೆಳಗೆ ಉಪವಿಭಾಗವಾಗಿ ಇಳಿಸಿದರು. 1886ರಲ್ಲಿ ಜಿಲ್ಲೆಯ ಮಾನ ಮರಳಿ ಬಂತು. ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಹೈಸ್ಕೂಲುಗಳು ಒಂದರ ಹಿಂದೆ ಒಂದು ಬಂದದ್ದು, ವಕೀಲರು, ಮೇಷ್ಟ್ರುಗಳು, ಗುಮಾಸ್ತರು ಬಂದು ನೆಲೆಸಿದ್ದು ಆ ಪದವಿಯಿಂದ. ಊರಿನ ಮಧ್ಯಮವರ್ಗ ಹುಟ್ಟಿದ್ದು ಈ ಕಚೇರಿಗಳ ನೆರಳಿನಲ್ಲಿ.

1908ರ ನವೆಂಬರ್ 8ರಂದು ಹಾಸನದಲ್ಲಿ ಹುಟ್ಟಿದ ರಾಜಾರಾವ್ ಇಂಗ್ಲಿಷಿನಲ್ಲಿ ಬರೆದರು, ಫ್ರಾನ್ಸಿನಲ್ಲಿಯೂ ಅಮೆರಿಕದಲ್ಲಿಯೂ ಬಾಳಿದರು, 2006ರಲ್ಲಿ ಅಮೆರಿಕದಲ್ಲಿಯೇ ತೀರಿಕೊಂಡರು. ಅವರ ಹೆಸರಿನ ಮುಂದೆ ಊರಿಲ್ಲ. ಆದರೆ 1938ರಲ್ಲಿ ಪ್ರಕಟವಾದ 'ಕಾಂತಾಪುರ'ದ ಹಳ್ಳಿಯನ್ನು ಕಾಯುವ ದೇವತೆ ಕೆಂಚಮ್ಮ, ಹರಿಯುವ ಹೊಳೆ ಹಿಮಾವತಿ. ಗಾಂಧೀ ಚಳವಳಿಯ ಈ ಕಾದಂಬರಿಯನ್ನು ಲಂಡನ್ನಿನವರು ದೂರದ ಭಾರತದ ಕಥೆಯೆಂದು ಓದಿದರೆ, ಹಾಸನದವರು ತಮ್ಮ ಹಿತ್ತಿಲಿನ ಕಥೆಯೆಂದು ಓದಬಹುದು. ಅವರ 'ದಿ ಸರ್ಪೆಂಟ್ ಅಂಡ್ ದಿ ರೋಪ್'ಗೆ 1964ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬಾನು ಮುಷ್ತಾಕ್ ಅವರದು ಇದಕ್ಕೆ ತದ್ವಿರುದ್ಧವಾದ ದಾರಿ. 1948ರಲ್ಲಿ ಹಾಸನದಲ್ಲಿ ಹುಟ್ಟಿ, ಹಾಸನದಲ್ಲಿಯೇ ವಕೀಲಿ ಮಾಡಿ, ಹಾಸನದ ನಗರಸಭೆಯಲ್ಲಿ ಸದಸ್ಯೆಯಾಗಿ, ಬಂಡಾಯ ಸಾಹಿತ್ಯದ ಕಾವಿನಲ್ಲಿ ಕಥೆ ಬರೆಯುತ್ತ ಬಂದವರು ಅವರು. ನ್ಯಾಯ ಕೇಳಿಕೊಂಡು ಬಂದ ಹೆಂಗಸರ ಬದುಕನ್ನು ಹತ್ತಿರದಿಂದ ಕಂಡ ಕಣ್ಣು ಅವರ ಕಥೆಗಳಲ್ಲಿದೆ. 'ಕರಿ ನಾಗರಗಳು' ಕಥೆಯನ್ನು ಗಿರೀಶ ಕಾಸರವಳ್ಳಿ 'ಹಸೀನಾ' ಚಿತ್ರವಾಗಿಸಿದರು. ದೀಪಾ ಭಾಸ್ತಿಯವರ ಅನುವಾದದಲ್ಲಿ ಅವರ 12 ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಕಥಾಸಂಕಲನಕ್ಕೆ ಬಂದದ್ದೂ ಮೊದಲು.

ಹಾಸನದ ಇನ್ನೆರಡು ಕಟ್ಟಡಗಳು ಇತ್ತೀಚಿನವು. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಕಾಫಿ, ಏಲಕ್ಕಿ, ಆಲೂಗಡ್ಡೆಯ ಸೀಮೆಯ ಮಕ್ಕಳನ್ನು ಎಂಜಿನಿಯರುಗಳನ್ನಾಗಿ ಮಾಡಿತು. 1982ರಲ್ಲಿ ಬಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಂದಿನಿಂದ ದೇಶದ ಸಂಪರ್ಕ ಉಪಗ್ರಹಗಳನ್ನು ಕಕ್ಷೆಯಲ್ಲಿ ಕಾಯುತ್ತಿದೆ. ಊರಿನಿಂದ ಹೆಚ್ಚು ದೂರವಿಲ್ಲದ ದೊಡ್ಡಗದ್ದವಳ್ಳಿಯಲ್ಲಿ ಕಲ್ಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯವಿದೆ. ಹೊಯ್ಸಳ ಶಿಲ್ಪದ ಮೊದಲ ಮಾದರಿಗಳಲ್ಲಿ ಅದೂ ಒಂದು. 2020ರ ನವೆಂಬರಿನಲ್ಲಿ ಅಲ್ಲಿಯ ಕಾಳಿಯ ವಿಗ್ರಹ ಒಡೆದು ಬಿದ್ದಿದ್ದು ಕಂಡಾಗ ನಾಡು ಬೆಚ್ಚಿಬಿತ್ತು. ಪುರಾತತ್ತ್ವ ಇಲಾಖೆಯ ಫಲಕ ಬಾಗಿಲಲ್ಲಿದ್ದರೂ ಒಳಗೆ ಜನಸಂಚಾರ ವಿರಳವಾದರೆ ಎಂಥ ಕಲ್ಲಿಗೂ ಅಪಾಯ ತಪ್ಪಿದ್ದಲ್ಲ.

ಹೊಳೆನರಸೀಪುರ: ಹೊಳೆದಂಡೆಯ ಮುದ್ರಣಾಲಯ

ಹೇಮಾವತಿಯ ದಡದ ಈ ಊರಿಗೆ ಲಕ್ಷ್ಮೀನರಸಿಂಹ ಕ್ಷೇತ್ರದೇವರು. 1910ರ ದಶಕದ ಕೊನೆಗೆ ಮೈಸೂರು-ಅರಸೀಕೆರೆ ಮೀಟರ್ ಗೇಜ್ ರೈಲು ಈ ಊರಿನ ಮೇಲೆ ಹಾದುಹೋಯಿತು. ಓದುವ ಹುಡುಗರಿಗೆ ಮೈಸೂರು ಹತ್ತಿರವಾದದ್ದು ಹೀಗೆ. ರೈಲಿಗೂ ಮುಂಚೆ ವೇದ, ಸಂಗೀತಗಳ ಹಿನ್ನೆಲೆಯ ಮನೆತನಗಳು ಇಲ್ಲಿದ್ದವು. 1897ರಲ್ಲಿ ಹುಟ್ಟಿದ ಎಚ್. ಯೋಗನರಸಿಂಹಂ ಅಂಥ ಪರಂಪರೆಯ ಸಂಸ್ಕೃತ ವಿದ್ವಾಂಸರು, ವಾಗ್ಗೇಯಕಾರರು. ಅವರ ಮಕ್ಕಳು ಮೂರು ದಿಕ್ಕಿಗೆ ಹೋಗಿ ಮೂರು ಕ್ಷೇತ್ರಗಳಲ್ಲಿ ಹೆಸರಾದರು. ಎಚ್.ವೈ. ಶಾರದಾಪ್ರಸಾದ್ ಪತ್ರಕರ್ತರಾದರು. ಎಚ್.ವೈ. ಮೋಹನ್ ರಾಮ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾದರು. ನಾರಾಯಣ ದತ್ತ ಹಿಂದಿ ಪತ್ರಿಕೋದ್ಯಮದಲ್ಲಿ 'ನವನೀತ'ದ ಸಂಪಾದಕರಾದರು.

ಶಾರದಾಪ್ರಸಾದರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ 'ಕ್ವಿಟ್ ಇಂಡಿಯಾ' ಚಳವಳಿಯಲ್ಲಿ ಜೈಲಿಗೆ ಹೋದವರು. ಹತ್ತೊಂಬತ್ತರ ಹುಡುಗ ಆಗ ಬರೆದಿಟ್ಟ ದಿನಚರಿ ಪುಸ್ತಕವಾದದ್ದು ಅವರು ತೀರಿಕೊಂಡ ಮೇಲೆ. ಇಂದಿರಾ ಗಾಂಧಿಯವರಿಗೆ ಸುದೀರ್ಘ ಕಾಲ ಮಾಹಿತಿ ಸಲಹೆಗಾರರಾಗಿದ್ದರೂ ಆ ಸಾಮೀಪ್ಯವನ್ನು ಅವರು ಮಾರಾಟಕ್ಕಿಡಲಿಲ್ಲ. ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದರು. ಅಪ್ಪನ ಊರಿನ ಮೊದಲ ಅಕ್ಷರ ಪ್ರಧಾನಿಯ ಕಚೇರಿಯ ಕಾಗದಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಅದೇ ಪ್ರಧಾನಿಯ ಕುರ್ಚಿಯಲ್ಲಿ 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಹರದನಹಳ್ಳಿಯ ದೇವೇಗೌಡರು ಕುಳಿತರು. ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಹೋದವರು ಅವರು. ಆ ರಾಜಕೀಯ ಚರಿತ್ರೆ ಬೇರೆಡೆ ಬೇಕಾದಷ್ಟು ದಾಖಲಾಗಿದೆ. ಅಷ್ಟಾಗಿ ದಾಖಲಾಗದ ಒಂದು ಸಂಸ್ಥೆಯ ಬಗ್ಗೆ ಇಲ್ಲಿ ನಾಲ್ಕು ಮಾತು ಹೆಚ್ಚು ಹೇಳಬೇಕು.

ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಹುಟ್ಟಿದ್ದು 1920ರಲ್ಲಿ, ಬೆಂಗಳೂರಿನಲ್ಲಿ. ಸ್ಥಾಪಿಸಿದವರು ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮರು, ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಶಂಕರಾಚಾರ್ಯರ ಭಾಷ್ಯಗಳನ್ನು ಸಂಸ್ಕೃತ ಬಾರದ ಕನ್ನಡಿಗನೂ ಓದಿ ತಿಳಿಯಬೇಕು, ಅದಕ್ಕೆ ಅಗ್ಗದ ಬೆಲೆಯಲ್ಲಿ ಶುದ್ಧವಾದ ಪಾಠ ಸಿಗಬೇಕು ಎಂಬುದು ಅವರ ಹಂಬಲ. 1937ರಲ್ಲಿ ಕಾರ್ಯಾಲಯವನ್ನು ಹೊಳೆನರಸೀಪುರಕ್ಕೆ ತಂದರು. ರಾಜಧಾನಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಪ್ರಕಾಶನ ಸಂಸ್ಥೆಯೊಂದನ್ನು ಒಯ್ಯುವುದು ಆಗಲೂ ಈಗಲೂ ವಿರಳ. 1948ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳಾದರು.

ಇಲ್ಲಿಯ ವಿಶೇಷವೆಂದರೆ ಕಾರ್ಯಾಲಯದ್ದೇ ಆದ ಮುದ್ರಣಾಲಯ. ಕನ್ನಡದ ಜತೆಗೆ ನಾಗರಿಯಲ್ಲಿಯೂ ಮೊಳೆ ಜೋಡಿಸಬೇಕು. ಒಂದು ಒತ್ತಕ್ಷರ ತಪ್ಪಿದರೆ ಭಾಷ್ಯದ ಅರ್ಥವೇ ಬದಲಾದೀತು. ಕರಡು ತಿದ್ದುವವನಿಗೂ ಶಾಸ್ತ್ರ ಗೊತ್ತಿರಬೇಕು. ಬರೆಯುವ ಮನೆ, ಪಾಠ ಹೇಳುವ ಮನೆ, ಅಚ್ಚು ಹಾಕುವ ಮನೆ ಒಂದೇ ಆವರಣದಲ್ಲಿದ್ದದ್ದರಿಂದ ಇದು ಸಾಧ್ಯವಾಯಿತು. ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳ ಶಾಂಕರಭಾಷ್ಯದ ಕನ್ನಡ ಅನುವಾದಗಳು, ಪ್ರವಚನಗಳು, ಸಂಸ್ಕೃತ ಗ್ರಂಥಗಳು, ಇಂಗ್ಲಿಷ್ ಪುಸ್ತಿಕೆಗಳು ಎಲ್ಲ ಸೇರಿ ಸ್ವಾಮಿಗಳ ಹೆಸರಿನಲ್ಲಿ 200ಕ್ಕೂ ಹೆಚ್ಚು ಪುಸ್ತಕಗಳಿವೆ. 'ಅಧ್ಯಾತ್ಮ ಪ್ರಕಾಶ' ಮಾಸಪತ್ರಿಕೆ ಇವುಗಳಿಗೆ ಓದುಗರನ್ನು ಕೂಡಿಸಿಕೊಟ್ಟಿತು.

ಸ್ವಾಮಿಗಳು ಬರಿಯ ಅನುವಾದಕರಾಗಿದ್ದರೆ ಪಂಡಿತರಿಗೆ ತಕರಾರು ಇರುತ್ತಿರಲಿಲ್ಲ. 1929ರ 'ಮೂಲಾವಿದ್ಯಾನಿರಾಸ'ದಲ್ಲಿ ಅವರು ಶಾಂಕರ ಸಂಪ್ರದಾಯದ ಒಳಗಿನಿಂದಲೇ ಒಂದು ಪ್ರಶ್ನೆ ಎತ್ತಿದರು. ಜಗತ್ತಿಗೆಲ್ಲ ಉಪಾದಾನವಾದ 'ಮೂಲಾವಿದ್ಯೆ' ಎಂಬ ಭಾವರೂಪ ಪದಾರ್ಥ ಶಂಕರರ ಮಾತಿನಲ್ಲಿ ಇಲ್ಲ. ಅದು ಆಮೇಲಿನ ವ್ಯಾಖ್ಯಾನಕಾರರು ಸೇರಿಸಿದ್ದು. ಒಂದನ್ನು ಇನ್ನೊಂದೆಂದು ತಿಳಿಯುವ ಅಧ್ಯಾಸವೇ ಶಂಕರರು ಹೇಳುವ ಅವಿದ್ಯೆ. ಇದು ಅವರ ವಾದ. ವಿದ್ವತ್ ವಲಯದಲ್ಲಿ ದೊಡ್ಡ ಚರ್ಚೆ ಎದ್ದಿತು, ಇನ್ನೂ ಮುಗಿದಿಲ್ಲ. 1964ರಲ್ಲಿ ಬಂದ ಅವರ ಸಂಸ್ಕೃತ ಮಹಾಗ್ರಂಥ 'ವೇದಾಂತ ಪ್ರಕ್ರಿಯಾ ಪ್ರತ್ಯಭಿಜ್ಞಾ'ವನ್ನು ಎ.ಜೆ. ಆಲ್ಸ್ಟನ್ ಇಂಗ್ಲಿಷಿಗೆ ತಂದರು, 1989ರಲ್ಲಿ ಅದು ಪ್ರಕಟವಾಯಿತು. ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಅದ್ವೈತ ಓದುವವರು ಇಂದು ಈ ವಾದವನ್ನು ದಾಟಿ ಹೋಗುವಂತಿಲ್ಲ. 1880ರಲ್ಲಿ ಹುಟ್ಟಿದ ಸ್ವಾಮಿಗಳು 1975ರ ಆಗಸ್ಟ್ 5ರಂದು, ತೊಂಬತ್ತೈದು ತುಂಬಿದ ವಯಸ್ಸಿನಲ್ಲಿ ದೇಹಬಿಟ್ಟರು. ಹುಟ್ಟುಹೆಸರಿನ ಮುಂದೆ ಯಲ್ಲಂಬಳಸೆ ಇದ್ದರೂ ವೇದಾಂತಿಗಳ ನಡುವೆ ಅವರು 'ಹೊಳೆನರಸೀಪುರದ ಸ್ವಾಮಿಗಳು'. ಈ ಊರು ಹೊರಗಿನಿಂದ ಬಂದವರಿಗೂ ತನ್ನ ಹೆಸರು ಕೊಟ್ಟಿತು.

ಅರಕಲಗೂಡು: ಎರಡು ಹೊಳೆಗಳ ನಡುವೆ

ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕಾವೇರಿ, ನಡುವೆ ಅರಕಲಗೂಡು ಸೀಮೆ. ಪೇಟೆಯ ಹೆಸರನ್ನು ಕನ್ನಡ ನಾಡಿಗೆಲ್ಲ ಹಬ್ಬಿಸಿದ ಅ.ನ.ಕೃ. 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದು ಸಾಮಾನ್ಯ ಓದುಗನ ಕೈಗೆ ಕನ್ನಡ ಪುಸ್ತಕ ಕೊಟ್ಟವರು, 1960ರ ಮಣಿಪಾಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಬೆಂಗಳೂರಿನ ಬೀದಿಯಲ್ಲಿ ಕನ್ನಡಕ್ಕಾಗಿ ನಿಂತ ಚಳವಳಿಗಾರರು ಅವರು. ಸಂಗೀತಗಾರರ ಬಾಳನ್ನು ಅವರಷ್ಟು ಒಲವಿನಿಂದ ಬರೆದ ಕಾದಂಬರಿಕಾರರು ಕಡಿಮೆ. 'ಸಂಧ್ಯಾರಾಗ' ಅದಕ್ಕೆ ಸಾಕ್ಷಿ. ಪೂರ್ವಜರ ತಾಲ್ಲೂಕಿನಲ್ಲಿಯೇ ರುದ್ರಪಟ್ಟಣವಿತ್ತು ಎಂಬುದನ್ನು ನೆನೆದರೆ ಆ ಒಲವು ಆಶ್ಚರ್ಯವೆನಿಸುವುದಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರು 1904ರಲ್ಲಿ ಹುಟ್ಟಿ, ಗಾಂಧೀಜಿಯ ಕರೆಗೆ ಓಗೊಟ್ಟು ಓದು ಬಿಟ್ಟು, ಖಾದಿ, ಸತ್ಯಾಗ್ರಹ, ಜೈಲು ಎಲ್ಲ ಕಂಡವರು. ಬರೆದದ್ದು ಮಾತ್ರ ತಮ್ಮ ಊರಿನ ಜನರನ್ನು. 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಓದಿದವರಿಗೆ ಗೊರೂರಿನ ಬಸ್ಸು, ಹೊಳೆ, ಜಗಲಿಯ ಹರಟೆ ಎಲ್ಲ ಪರಿಚಿತ. ಅವರ ಕಥೆಯಿಂದ ಬಂದ 1974ರ 'ಭೂತಯ್ಯನ ಮಗ ಅಯ್ಯು' ಕನ್ನಡ ಚಿತ್ರರಂಗದ ಮೈಲಿಗಲ್ಲು. ಎಪ್ಪತ್ತು ದಾಟಿದ ಮೇಲೆ ಬರೆದ 'ಅಮೆರಿಕಾದಲ್ಲಿ ಗೊರೂರು' ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಅಮೆರಿಕವನ್ನು ಅವರು ನೋಡಿದ್ದು ಹೇಮಾವತಿಯ ದಡದ ಕಣ್ಣಿನಿಂದಲೇ.

ಅದೇ ಹೇಮಾವತಿಗೆ ಗೊರೂರಿನ ಬಳಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. 2922 ಅಡಿ ಗರಿಷ್ಠ ಮಟ್ಟದ, 37.103 ಟಿಎಂಸಿ ಸಾಮರ್ಥ್ಯದ ಈ ಜಲಾಶಯ ಹಾಸನ, ತುಮಕೂರು, ಮಂಡ್ಯದ ಹೊಲಗಳಿಗೆ ನೀರು ಕೊಟ್ಟಿತು, ಹಲವು ಹಳ್ಳಿಗಳನ್ನು ಮುಳುಗಿಸಿತು. ಗೊರೂರಿನವರೇ ಆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಮನೆತನದ ಜಮೀನೂ ನೀರಿನಡಿ ಹೋಯಿತು. ಪರಿಹಾರವಾಗಿ ಸಿಕ್ಕ ಜಾವಗಲ್ ಕಡೆಯ ಬೆಂಗಾಡಿನಲ್ಲಿ ಬೇಸಾಯ ಹೂಡಿದ ಅವರು 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು.

ಹಿನ್ನೀರಿನ ಹಾಸನ ಬದಿಯಲ್ಲಿ ಶೆಟ್ಟಿಹಳ್ಳಿಯ ಜಪಮಾಲೆ ಚರ್ಚ್ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ್ದು. ಊರು ಒಕ್ಕಲೆದ್ದಿತು, ಚರ್ಚಿಗೆ ಬರುವವರಿಲ್ಲವಾದರು. ಮಳೆಗಾಲದಲ್ಲಿ ಕಮಾನುಗಳವರೆಗೆ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಕೆಸರು ಒಣಗಿ ಬಿರಿಯುತ್ತದೆ, ಸೂರಿಲ್ಲದ ಗೋಡೆಗಳು ವರ್ಷ ವರ್ಷವೂ ಸವೆಯುತ್ತವೆ. ಈಗ ಅಲ್ಲಿಗೆ ಬರುವವರು ಫೋಟೊ ತೆಗೆಯುವವರು. ಅವರಿಂದ ಚರ್ಚಿಗೆ ಹೆಸರು ಬಂದಿದೆ, ಸುಣ್ಣ ಬಂದಿಲ್ಲ.

ಇದೇ ಸೀಮೆಯ ಇನ್ನೊಂದು ಮೂಲೆಯಲ್ಲಿ, ಕಾವೇರಿಯ ದಂಡೆಯ ರುದ್ರಪಟ್ಟಣದಲ್ಲಿ, ಇದಕ್ಕೆ ತಿರುಗುಮುರುಗಾದ ಕಥೆಯಿದೆ. ಸಂಕೇತಿ ಬ್ರಾಹ್ಮಣರ ಈ ಪುಟ್ಟ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟ ವಿದ್ವಾಂಸರನ್ನು ಎಣಿಸುತ್ತ ಹೋದರೆ ಮುಗಿಯದು: ಪಿಟೀಲಿನ ಆರ್.ಕೆ. ವೆಂಕಟರಾಮಶಾಸ್ತ್ರಿ, ವೀಣೆಯ ಆರ್.ಕೆ. ಸೂರ್ಯನಾರಾಯಣ, ರುದ್ರಪಟ್ಟಣಂ ಸಹೋದರರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ. ಇದೇ ಸಾಲಿನ ಆರ್.ಕೆ. ಶ್ರೀಕಂಠನ್ 1920ರಲ್ಲಿ ಇಲ್ಲಿ ಹುಟ್ಟಿದವರು. ಆಕಾಶವಾಣಿಯ ಮೂಲಕ ಮನೆಮನೆಗೆ ಸಂಗೀತ ಪಾಠ ಮುಟ್ಟಿಸಿದವರು. 1995ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ', 2011ರಲ್ಲಿ ಪದ್ಮಭೂಷಣ. ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿ 2014ರಲ್ಲಿ ತೀರಿಕೊಂಡರು.

ಇವರೆಲ್ಲ ಮೈಸೂರು, ಬೆಂಗಳೂರು ಸೇರಿದರು. ಊರಿನಲ್ಲಿ ಮನೆಗಳು ಖಾಲಿಯಾದವು. ಆಗ ಆರ್.ಕೆ. ಪದ್ಮನಾಭ ಅವರು ಮುಂದಾಗಿ ನಿಂತು ಊರಿನಲ್ಲಿ ಸಪ್ತಸ್ವರ ದೇವತೆಗಳಿಗೆ ಒಂದು ಧ್ಯಾನಮಂದಿರ ಕಟ್ಟಿಸಿದರು. ಹೊರಗಿನಿಂದ ನೋಡಿದರೆ ಅದು ನೆಲದಿಂದೆದ್ದ ತಂಬೂರಿ: ಕೆಳಗೆ ಬುರುಡೆಯಂತೆ ಉಬ್ಬಿದ ಗುಡಿ, ಮೇಲೆ ದಂಡಿಯಂತೆ ಚಾಚಿದ ಗೋಪುರ. ಒಳಗೆ ಷಡ್ಜದಿಂದ ನಿಷಾದದವರೆಗಿನ ಸ್ವರಗಳಿಗೆ ಅಧಿದೇವತೆಗಳ ಪ್ರತಿಮೆಗಳು. ಪ್ರತಿವರ್ಷ ನಡೆಯುವ ಸಂಗೀತೋತ್ಸವಕ್ಕೆ ಹೊರಗೆ ಹೋದವರು, ಅವರ ಶಿಷ್ಯರು, ಶಿಷ್ಯರ ಶಿಷ್ಯರು ಬಂದು ಹಾಡುತ್ತಾರೆ. ಹೊರಗೆ ಹೋದ ಅಕ್ಷರವನ್ನು ಊರಿಗೆ ಮರಳಿ ಕರೆಯುವ ಕೆಲಸವನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಇನ್ನೊಂದು ಊರಿಲ್ಲ.

ಚನ್ನರಾಯಪಟ್ಟಣ: ಹೆಸರು ಕೆತ್ತಿದವರು

ಚನ್ನರಾಯಪಟ್ಟಣ ತೆಂಗಿನ ಸೀಮೆ, ಕೆರೆಗಳ ಸೀಮೆ. ಬೆಂಗಳೂರು-ಮಂಗಳೂರು ಹೆದ್ದಾರಿ ಹಾದುಹೋಗುವ ಈ ಪೇಟೆಯಿಂದ ಬೆಂಗಳೂರಿಗೆ ನೇರ ರೈಲುಹಾದಿ ತೆರೆದದ್ದು 2017ರಲ್ಲಿ. ತಾಲ್ಲೂಕಿನ ಕೀರ್ತಿಗೆ ಹೆಚ್ಚಿನ ಕಾರಣ ಪೇಟೆಯಲ್ಲ, ಅದರ ಹೋಬಳಿಗಳು.

ಶ್ರವಣಬೆಳಗೊಳದ ಗೊಮ್ಮಟನನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ಸ್ಥಳೀಯ ಚರಿತ್ರೆ ಬರೆಯುವವರಿಗೆ ಅಲ್ಲಿಯ ಶಾಸನಗಳು ಹೆಚ್ಚಿನ ಸಂಪತ್ತು. ರೈಸ್ 1889ರಲ್ಲಿ ಪ್ರಕಟಿಸಿದ್ದು 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500 ಆದವು. 1973ರ ಪರಿಷ್ಕರಣದಲ್ಲಿ 573ಕ್ಕೇರಿದವು. ಸಲ್ಲೇಖನ ಮಾಡಿದವರು, ದತ್ತಿ ಬಿಟ್ಟವರು, ಯಾತ್ರೆಗೆ ಬಂದವರು ಬಂಡೆಯ ಮೇಲೆ ಹೆಸರು ಬಿಟ್ಟುಹೋಗಿದ್ದಾರೆ. ಬೆಟ್ಟವೇ ಇಲ್ಲಿ ದಾಖಲೆ ಪುಸ್ತಕ. 1967ರಲ್ಲಿ ಆ.ನೇ. ಉಪಾಧ್ಯೆಯವರ ಅಧ್ಯಕ್ಷತೆಯಲ್ಲಿ, 2015ರಲ್ಲಿ ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ಇಲ್ಲಿ ನಡೆದವು. 1996ರಲ್ಲಿ ಹಾಸನದಲ್ಲಿ ನಡೆದದ್ದು ಚೆನ್ನವೀರ ಕಣವಿಯವರ ಅಧ್ಯಕ್ಷತೆಯದು.

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳ ಸೋಮೇಶ್ವರನ ಕಾಲದ್ದು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಗೋಡೆಯ ಸುತ್ತ ನಡೆಯುವಾಗ ಕಣ್ಣನ್ನು ಮೂರ್ತಿಯಿಂದ ಸ್ವಲ್ಪ ಕೆಳಗಿಳಿಸಿ ಪೀಠದ ಅಂಚನ್ನು ನೋಡಬೇಕು. ಕೆತ್ತಿದವರ ಹೆಸರುಗಳು ಅಲ್ಲಿ ಸಿಗುತ್ತವೆ. ದಕ್ಷಿಣದ ಗೋಡೆಯಲ್ಲಿ ಬೈಚೋಜ, ಉತ್ತರದಲ್ಲಿ ಮಲ್ಲಿತಮ್ಮ. ಒಂದೇ ದೇವಾಲಯವನ್ನು ಇಬ್ಬರು ಹಂಚಿಕೊಂಡು ಕಡೆದಿದ್ದಾರೆ, ಒಬ್ಬರ ಕೈ ಇನ್ನೊಬ್ಬರಂತಿಲ್ಲ. ಎರಡೂ ಗೋಡೆಗಳನ್ನು ಹೋಲಿಸುತ್ತ ಪ್ರದಕ್ಷಿಣೆ ಬಂದರೆ ಇಬ್ಬರು ಕಲಾವಿದರ ಪರಿಚಯವಾದಂತೆ ಆಗುತ್ತದೆ. ಕಟ್ಟಿಸಿದವನ ಹೆಸರಿನ ಜತೆಗೆ ಕಟ್ಟಿದವರ ಹೆಸರೂ ಉಳಿದಿರುವುದು ನಮ್ಮ ದೇಶದ ಹಳೆಯ ಕಟ್ಟಡಗಳಲ್ಲಿ ದೊಡ್ಡ ಭಾಗ್ಯ. ಇಂದಿನ ಸಮುದಾಯ ಭವನದ ಅಮೃತಶಿಲೆಯ ಫಲಕದಲ್ಲಿ ಶಾಸಕರಿಂದ ಗುತ್ತಿಗೆದಾರರವರೆಗೆ ಎಲ್ಲರ ಹೆಸರಿರುತ್ತದೆ, ಗಾರೆ ಕೆಲಸದವನ ಹೆಸರೊಂದನ್ನು ಬಿಟ್ಟು.

ಈ ನುಗ್ಗೇಹಳ್ಳಿಯ ಸುತ್ತಿನ ನೆಲವೇ ಎಸ್.ಎಲ್. ಭೈರಪ್ಪನವರ ಬಾಲ್ಯದ ನೆಲ. ಸಂತೇಶಿವರದಲ್ಲಿ ಹುಟ್ಟಿ, ಪ್ಲೇಗಿನಲ್ಲಿ ಅಣ್ಣ, ಅಕ್ಕಂದಿರನ್ನು ಕಳೆದುಕೊಂಡು, ಮುಂದೆ ತಾಯಿಯನ್ನೂ ಕಳೆದುಕೊಂಡು, ವಾರಾನ್ನ, ಭಿಕ್ಷಾನ್ನದಲ್ಲಿ ಓದಿದ ಹುಡುಗ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದದ್ದು, ಭಾರತದ ಹಲವು ಭಾಷೆಗಳು ಅನುವಾದಿಸಿಕೊಂಡ ಕಾದಂಬರಿಕಾರನಾದದ್ದು ಅವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಗೊತ್ತು. 1970ರ 'ಗೃಹಭಂಗ'ದಲ್ಲಿ ಶ್ಯಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ತೂಗಿಸುವ ನಂಜಮ್ಮ, ಪ್ಲೇಗಿಗೆ ಹೆದರಿ ಊರ ಹೊರಗೆ ಹಾಕಿದ ಗುಡಿಸಲುಗಳು, ಬರಗಾಲ, ಎಲ್ಲವೂ ಈ ತೆಂಗಿನ ಸೀಮೆಯವು. 1920-40ರ ದಶಕಗಳ ಚನ್ನರಾಯಪಟ್ಟಣ, ತಿಪಟೂರು ಕಡೆಯ ಸಾಮಾಜಿಕ ಚರಿತ್ರೆ ಬರೆಯುವವನು ಆ ಕಾದಂಬರಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಗತಿಯಿಲ್ಲ.

ಇಳಿವಯಸ್ಸಿನಲ್ಲಿ ಅವರು ಊರಿಗಾಗಿ ಸರ್ಕಾರದ ಮುಂದಿಟ್ಟ ಬೇಡಿಕೆಯೂ ಗಮನಿಸತಕ್ಕದ್ದು. ತಮಗೆ ಪುತ್ಥಳಿ ಕೇಳಲಿಲ್ಲ, ಸಂತೇಶಿವರದ ಮತ್ತು ಸುತ್ತಿನ ಕೆರೆಗಳಿಗೆ ನೀರು ಹರಿಸಿ ಎಂದು ಕೇಳಿದರು. ಏತ ನೀರಾವರಿಯ ನೀರು ಬಂತು. 2025ರ ಮಾರ್ಚ್‌ನಲ್ಲಿ ಊರವರು ಕರೆದು ಸನ್ಮಾನಿಸಿದರು. ಅದೇ ವರ್ಷದ ಸೆಪ್ಟೆಂಬರ್ 24ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಊರಿನ ಕೆರೆ ತುಂಬಿಸಿದ್ದನ್ನು ಅವರ ಪ್ರಶಸ್ತಿಗಳ ಸಾಲಿನಲ್ಲಿಯೇ ಬರೆಯಬೇಕು.

ಮುಂದಿನ ಸಂಚಿಕೆಗೆ ಬೇಕಾದ್ದು

ದೊಡ್ಡವರ ಚರಿತ್ರೆ ಹೇಗೋ ಉಳಿಯುತ್ತದೆ. ಅವರ ಪುಸ್ತಕಗಳಿವೆ, ಧ್ವನಿಮುದ್ರಿಕೆಗಳಿವೆ, ಸರ್ಕಾರದ ದಾಖಲೆಗಳಿವೆ. ಅಪಾಯವಿರುವುದು ಅವರನ್ನು ಬೆಳೆಸಿದ ಸಣ್ಣ ಕಟ್ಟಡಗಳಿಗೆ: ವಾರಾನ್ನದ ಹುಡುಗರು ಓದಿದ ತಾಲ್ಲೂಕು ಶಾಲೆ, ಪಾಠ ನಡೆದ ಜಗಲಿ, ಛತ್ರ, ಮುಸಾಫಿರಖಾನೆ, ಮೊಳೆ ಜೋಡಿಸಿದ ಮುದ್ರಣಾಲಯ, ಹಳೆಯ ರೈಲು ನಿಲ್ದಾಣ. ಇವುಗಳಿಗೆ ಪುರಾತತ್ತ್ವ ಇಲಾಖೆಯ ಫಲಕವಿಲ್ಲ, ಭಕ್ತರ ಹುಂಡಿಯಿಲ್ಲ. ರಸ್ತೆ ಅಗಲವಾಗುವ ದಿನ ಜೆಸಿಬಿ ಬಂದರೆ ಮಧ್ಯಾಹ್ನದ ಹೊತ್ತಿಗೆ ಬಯಲು. ಉಳಿಸಿಕೊಳ್ಳುವ ದಾರಿಯನ್ನು ಈ ನಾಲ್ಕು ಊರುಗಳೇ ತೋರಿಸಿವೆ. ಕೋಟೆಯಂತೆ ಕೆಲಸ ಕಳೆದುಕೊಂಡದ್ದು ಹೋಯಿತು. ಕಾರ್ಯಾಲಯದಂತೆ ದುಡಿಯುತ್ತಿದ್ದದ್ದು, ರುದ್ರಪಟ್ಟಣದಂತೆ ಹೊಸ ಕೆಲಸ ಹುಡುಕಿಕೊಂಡದ್ದು ನಿಂತಿತು. ಹಳೆಯ ಶಾಲಾ ಕಟ್ಟಡ ಗ್ರಂಥಾಲಯವಾಗಲಿ, ಛತ್ರ ಸಂಗೀತ ಶಾಲೆಯಾಗಲಿ. ಬೀಗ ಹಾಕಿ ಕಾಪಾಡಿದ ಕಟ್ಟಡ ಬಹಳ ದಿನ ಬಾಳದು.

ಈ ಸಂಚಿಕೆ ಕೈಗೆತ್ತಿಕೊಂಡವರಲ್ಲಿ ಒಂದು ಮನವಿ. ನಿಮ್ಮ ಮನೆಯ ಅಟ್ಟದಲ್ಲಿ ಶ್ಯಾನುಭೋಗರ ಕಡತ, ಶಾಲೆಯ ಗುಂಪು ಚಿತ್ರ, ನಾಟಕದ ಕರಪತ್ರ, ಹಳೆಯ ಮದುವೆಯ ಲಗ್ನಪತ್ರಿಕೆ ಏನಿದ್ದರೂ ರದ್ದಿಗೆ ಹಾಕಬೇಡಿ. ಚಿತ್ರದ ಹಿಂದೆ ಇರುವವರ ಹೆಸರು, ಇಸವಿ ಬರೆಯಿರಿ. ಒಂದು ಪ್ರತಿಯನ್ನು ತಾಲ್ಲೂಕಿನ ಗ್ರಂಥಾಲಯಕ್ಕೆ ಇಲ್ಲವೇ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಿ. ಊರಿನ ಹಳೆಯ ಕಟ್ಟಡಗಳ ಪಟ್ಟಿಯನ್ನು ಬೀದಿಬೀದಿಯ ಲೆಕ್ಕದಲ್ಲಿ ಮಾಡುವ ಕೆಲಸಕ್ಕೆ ಹೈಸ್ಕೂಲು ಮಕ್ಕಳನ್ನು ಹಚ್ಚಿ. ಹಿರಿಯರು ಜತೆಗೆ ನಿಂತು ಹೇಳುತ್ತ ಹೋಗಲಿ. ಬೈಚೋಜ, ಮಲ್ಲಿತಮ್ಮ ಎಂಟುನೂರು ವರ್ಷದ ಹಿಂದೆಯೇ ತಮ್ಮ ಹೆಸರು ಬರೆದಿಟ್ಟಿದ್ದಾರೆ. ನಮ್ಮ ಕಾಲದ ಕಟ್ಟಡಗಳ ಹೆಸರು, ಇಸವಿ ಬರೆದಿಡುವ ಹೊಣೆ ನಮ್ಮದು.